ಫ್ರಾಂಕ್ ಮಾರ್ಟಿನ್ ಕೇಳಿದವರು ಯಾರಾದ್ರೂ ಉಂಟಾ? ಎಲ್ಲಿಂದ ಶುರು ಮಾಡೋದು?

ಕಂಕನಾಡಿ ಪಿಟೀಲು:

ಎಲ್ಲರಿಗೂ ನಮಸ್ಕಾರ. ಇದನ್ನ ಇಲ್ಲಿ ಕೇಳ್ಬಹುದಾ ಗೊತ್ತಿಲ್ಲ, ಇಲ್ಲಿ ಹೆಚ್ಚಿನವರು ಕಚೇರಿ, ಯಕ್ಷಗಾನ, ಭಾವಗೀತೆ ಅಂತ ಮಾತಾಡುವವರು, ಆದ್ರೂ ಬೇರೆ ಎಲ್ಲಿ ಕೇಳುದು ಮಾರಾಯ್ರೆ. ನಾನು ಚರ್ಚ್ ಕ್ವಾಯರಲ್ಲಿ ವಯಲಿನ್ ಬಾರಿಸುವವ, ದೊಡ್ಡ ವಿದ್ವಾಂಸ ಎಂತ ಅಲ್ಲ, ನೋಟ್ಸ್ ಓದ್ಲಿಕ್ಕೆ ಬರ್ತದೆ ಅಷ್ಟೆ. ಹೋದ ವಾರ ಆ ಮಳೆ ಬಂತಲ್ಲ, ಆ ರಾತ್ರಿ ನಿದ್ದೆ ಬರದೆ ಹೆಡ್‌ಫೋನ್ ಹಾಕಿ ಒನೆಗರ್ ಅವರ ಪೆಸಿಫಿಕ್ 231 ಕೇಳ್ತಾ ಇದ್ದೆ, ರೈಲ್ ಇಂಜಿನ್ ಮೇಲೆ ಮಾಡಿದ್ದು, 1923ರದ್ದು, ಅದು ನನಗೆ ಮೊದಲಿಂದ ಗೊತ್ತುಂಟು. ಅದು ಮುಗಿದ ಕೂಡ್ಲೆ ತನ್ನಷ್ಟಕ್ಕೆ ಮುಂದಿನದ್ದು ಶುರುವಾಯ್ತು, ಹೆಸರು ನೋಡಿದ್ರೆ "ಪೆಟಿಟ್ ಸಿಂಫನಿ ಕನ್ಸರ್ಟಾಂಟ್", ಬರೆದದ್ದು ಸ್ವಿಟ್ಜರ್‌ಲ್ಯಾಂಡಿನ ಫ್ರಾಂಕ್ ಮಾರ್ಟಿನ್. ಫ್ರೆಂಚಲ್ಲಿ ಮಾರ್ತ್ಯಾಂ ಅಂತ ಹೇಳ್ಬೇಕಂತೆ, ನಮ್ಮ ಓಣಿಯಲ್ಲೇ ಮೂರು ಜನ ಮಾರ್ಟಿನ್ ಇರುವಾಗ ನನಗದು ಬಾಯಿಗೆ ಬರುದಿಲ್ಲ, ಮಾರ್ಟಿನ್ ಅಂತಲೇ ಬರೀತೇನೆ.

ವಿಷಯ ಎಂತ ಅಂದ್ರೆ, ಶುರುವಲ್ಲಿ ಸ್ಟ್ರಿಂಗ್ಸ್ ಮೆಲ್ಲ ಹತ್ತಿಕೊಂಡು ಬರ್ತದೆ, ಯಾವ ಶ್ರುತಿ ಅಂತ ಹಿಡೀಲಿಕ್ಕೆ ಹೋದ್ರೆ ಕೈಗೆ ಸಿಗುದಿಲ್ಲ, ಮೀನು ಜಾರಿದ ಹಾಗೆ. ಆದ್ರೆ ಕಿವಿಗೆ ಕಿರಿಕಿರಿ ಇಲ್ಲ! ಓದಿ ನೋಡಿದ್ರೆ ಹನ್ನೆರಡು ಸ್ವರದ ಪದ್ಧತಿ ಅಂತ ಬರೆದಿದ್ದಾರೆ, ಆ ಪದ್ಧತಿಯ ಬೇರೆ ಕೆಲವು ಪೀಸ್ ಕೇಳಿ ನನಗೆ ಮಂಡೆಬಿಸಿ ಆದದ್ದುಂಟು, ಇದು ಯಾಕೆ ಹಾಗಾಗ್ಲಿಲ್ಲ? ಮತ್ತೆ ಇನ್ನೊಂದು, ಹಾರ್ಪ್, ಹಾರ್ಪ್ಸಿಕಾರ್ಡ್, ಪಿಯಾನೋ ಮೂರು ಸೋಲೋ ವಾದ್ಯ ಅಂತ ಉಂಟು ಆದ್ರೆ ಯಾರೂ ಹೀರೋಗಿರಿ ಮಾಡುದೇ ಇಲ್ಲ, ಕನ್ಸರ್ಟೊ ಅಂದ್ರೆ ಸೋಲೋ ವಾದ್ಯ ಆರ್ಕೆಸ್ಟ್ರಾ ಎದುರು ನಿಂತು ಮೆರೆಯುದಲ್ವಾ, ಹಾಗಾದ್ರೆ ಅದು ಎಂತ ಕನ್ಸರ್ಟೊ? ಇವರ ಬೇರೆ ಕನ್ಸರ್ಟೊಗಳು ಕೂಡ ಹೀಗೆಯಾ? ಎಲ್ಲಿಂದ ಕೇಳ್ಬೇಕು ಹೇಳಿ. ಬಾಸೆಲ್‌ನವರಂತೆ, ನಮ್ಮ ಮಾಡಿನ ಹಂಚಿನ ಊರಿನವರು ಅಂತ ಸ್ವಲ್ಪ ಪ್ರೀತಿಯೂ ಬಂತು.


ಹಂಚಿನ ಮಾಡು:

ಪಿಟೀಲಿನವರೇ, ಪ್ರೀತಿ ಇಟ್ಕೊಳ್ಳಿ, ಆದ್ರೆ ಊರು ತಪ್ಪಿತು. ಮಾರ್ಟಿನ್ ಜಿನೀವಾದವರು, 1890ರಲ್ಲಿ ಹುಟ್ಟಿದ್ದು, ಪಾದ್ರಿಯ ಮನೆ, ಹತ್ತು ಮಕ್ಕಳಲ್ಲಿ ಕಡೆಯವರು. ಅದು ಫ್ರೆಂಚ್ ಮಾತಾಡುವ ಕಡೆ. ಬಾಸೆಲ್ ಜರ್ಮನ್ ಮಾತಾಡುವ ಕಡೆ, ಅಲ್ಲಿಂದ ಬಂದ ಮಿಷನ್‌ನವರೇ 1834ರಲ್ಲಿ ಮಂಗಳೂರಿಗೆ ಬಂದದ್ದು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು. ನಮ್ಮ ಹಳೇ ಮನೆಯ ಮಾಡಿಂದ ಒಂದು ಹಂಚು ಇಳಿಸಿ ಟಿವಿ ಪಕ್ಕ ಇಟ್ಟಿದ್ದೇನೆ, ಹೆಂಡತಿಗೆ ಅದು ಕಸ.

ಆದ್ರೆ ನಿಮಗೆ ಬಾಸೆಲ್ ಅಂತ ಎಲ್ಲಿಂದ ತಲೆಗೆ ಬಂತು ಅಂತ ಗೊತ್ತಾಯ್ತು. ಆ ಪೀಸ್ ಬರೆಸಿದ್ದು ಬಾಸೆಲ್‌ನ ಪಾಲ್ ಸಾಕರ್. ಈ ಮನುಷ್ಯನ ಬಗ್ಗೆ ಹೇಳದೆ ಮುಂದೆ ಹೋಗ್ಲಿಕ್ಕೆ ಆಗುದಿಲ್ಲ. 1926ರಲ್ಲಿ, ಇಪ್ಪತ್ತರ ವಯಸ್ಸಲ್ಲಿ, ಬಾಸೆಲ್ ಚೇಂಬರ್ ಆರ್ಕೆಸ್ಟ್ರಾ ಕಟ್ಟಿದ ಕಂಡಕ್ಟರ್, ಅಂದ್ರೆ ಎದುರು ನಿಂತು ಆರ್ಕೆಸ್ಟ್ರಾ ನಡೆಸುವವ. ಆಮೇಲೆ ರೋಶ್ ಔಷಧ ಕಂಪೆನಿಯ ಮನೆತನದ ವಿಧವೆಯನ್ನ ಮದುವೆಯಾದ, ದುಡ್ಡಿಗೆ ಬರ ಇಲ್ಲ, ಆ ದುಡ್ಡಲ್ಲಿ ಮಾಡಿದ ಕೆಲಸ ನೋಡಿ: ಬಾರ್ಟೋಕ್, ಸ್ಟ್ರಾವಿನ್ಸ್ಕಿ, ರಿಚರ್ಡ್ ಸ್ಟ್ರಾಸ್, ನಿಮ್ಮ ಒನೆಗರ್, ಎಲ್ಲರಿಗೂ "ನನಗೊಂದು ಬರೆದುಕೊಡಿ" ಅಂತ ಹೇಳಿ ಬರೆಸಿದ. ಒನೆಗರ್‌ನ ಎರಡನೇ ಸಿಂಫನಿ, ಸ್ಟ್ರಿಂಗ್ಸ್ ಮಾತ್ರ ಇದ್ದು ಕಡೆಗೆ ಒಂದೇ ಒಂದು ಟ್ರಂಪೆಟ್ ಬರ್ತದಲ್ಲ, ಅದು ಇವನದ್ದೇ ಬೇಡಿಕೆ. ನಾಲ್ಕನೇದ್ದರ ಹೆಸರಲ್ಲೇ ಬಾಸೆಲ್ ಉಂಟು.

ಮಾರ್ಟಿನ್‌ಗೆ ಸಾಕರ್ ಹೇಳಿದ್ದು, ಈಗ ಬಳಕೆಯಲ್ಲಿರುವ ತಂತಿ ವಾದ್ಯ ಎಲ್ಲ ಸೇರುವ ಹಾಗೆ ಒಂದು ಮಾಡಿಕೊಡಿ ಅಂತ. ಯೋಚನೆ ಮಾಡಿ, ಹಾರ್ಪ್ ತಂತಿಯನ್ನ ಬೆರಳಲ್ಲಿ ಮೀಟುದು, ಹಾರ್ಪ್ಸಿಕಾರ್ಡಲ್ಲಿ ಒಳಗಿನ ಕಡ್ಡಿ ಮೀಟುದು, ಪಿಯಾನೋದಲ್ಲಿ ಸುತ್ತಿಗೆ ಬಡಿಯುದು, ವಯಲಿನಲ್ಲಿ ಕಮಾನು ಉಜ್ಜುದು. ನಾಲ್ಕೂ ತಂತಿಯೇ. ಹಾರ್ಪ್ಸಿಕಾರ್ಡ್ ಅಂದ್ರೆ ಬಾಖ್ ಕಾಲದಲ್ಲಿ ಹಿಂದೆ ಕೂತು ಬಾಸ್ ತುಂಬಿಸುವ ವಾದ್ಯ, ಹಾರ್ಪೂ ಆರ್ಕೆಸ್ಟ್ರಾದಲ್ಲಿ ಮೂಲೆಯಲ್ಲಿ ಕೂರುದು. ಮಾರ್ಟಿನ್ ಆ ಹಿಂದೆ ಕೂತವರನ್ನ ಎದುರಿಗೆ ಕರೆದು ಕೂರಿಸಿದ್ರು, ಎರಡು ಸ್ಟ್ರಿಂಗ್ ಆರ್ಕೆಸ್ಟ್ರಾ ಆಚೆ ಈಚೆ. 1944-45ರಲ್ಲಿ ಬರೆದದ್ದು, ಸುತ್ತ ಯುದ್ಧ, 1946ರ ಮೇಯಲ್ಲಿ ಜ್ಯೂರಿಕಲ್ಲಿ ಸಾಕರ್ ನುಡಿಸಿದ. ಹಾರ್ಪ್ಸಿಕಾರ್ಡಿನ ದನಿ ಸಣ್ಣದು, ದೊಡ್ಡ ಹಾಲಲ್ಲಿ ಪಿಯಾನೋ ಎದುರು ಎಲ್ಲಿ ಕೇಳ್ತದೆ, ಅದೇ ವರ್ಷ ಇವರು ಸೋಲೋ ವಾದ್ಯ ಬಿಟ್ಟು ಪೂರ್ತಿ ಆರ್ಕೆಸ್ಟ್ರಾಕ್ಕೆ ಇನ್ನೊಂದು ರೂಪ ಮಾಡಿದ್ದೂ ಉಂಟು, ನನಗೆ ಅದು ಸಪ್ಪೆ. ಮೂಲದ್ದೇ ಕೇಳಿ.


ಸುರತ್ಕಲ್ ಸೆಮಿಸ್ಟರ್:

ಹನ್ನೆರಡು ಸ್ವರದ ಪ್ರಶ್ನೆಗೆ ನಾನು ಟ್ರೈ ಮಾಡ್ತೇನೆ, ತಪ್ಪಾದ್ರೆ ಬೈಬೇಡಿ.

ನಮ್ಮ ರಾಗದಲ್ಲಿ ಎಂತ ಮಾಡ್ತೇವೆ, ಹನ್ನೆರಡು ಸ್ವರಸ್ಥಾನದಲ್ಲಿ ಕೆಲವನ್ನ ಆರಿಸಿ ಉಳಿದದ್ದನ್ನ ಮುಟ್ಟುದಿಲ್ಲ, ಮೋಹನ ಅಂದ್ರೆ ಐದೇ. ಬಿಟ್ಟದ್ದರಿಂದಲೇ ರಾಗಕ್ಕೆ ಮುಖ ಬರುದು. ಈ ಹನ್ನೆರಡು ಸ್ವರದ ಪದ್ಧತಿ ಮಾಡಿದ ಶೋನ್‌ಬರ್ಗ್ ಉಲ್ಟಾ ಹೇಳಿದ್ರು, ಒಂದನ್ನೂ ಬಿಡ್ಬೇಡಿ, ಹನ್ನೆರಡನ್ನೂ ಒಂದು ಸಾಲಲ್ಲಿ ನಿಲ್ಲಿಸಿ, ಸಾಲು ಮುಗಿಯುವ ತನಕ ಒಬ್ಬನನ್ನ ಎರಡನೇ ಸಲ ಕರೀಬೇಡಿ. ಆಗ ಷಡ್ಜ ಅಂತ ಯಾರೂ ದೊಡ್ಡವರಿಲ್ಲ, ಎಲ್ಲ ಸಮ. ನಿಮಗೆ ಮಂಡೆಬಿಸಿ ಆದದ್ದು ಅಲ್ಲೇ, ಕಿವಿಗೆ ಕೂರ್ಲಿಕ್ಕೆ ಒಂದು ಮಣೆ ಇಲ್ಲ.

ಮಾರ್ಟಿನ್ 1930ರ ದಶಕದಲ್ಲಿ ಆ ಸಾಲನ್ನ ಕಲಿತ್ರು, ಇಟ್ಕೊಂಡ್ರು, ಆದ್ರೆ ಮಣೆ ತೆಗೀಲಿಲ್ಲ. ನೀವು ಹೇಳಿದ ಆ ಶುರುವಿನ ನಿಧಾನದ ಟ್ಯೂನ್ ಹನ್ನೆರಡು ಸ್ವರದ್ದೇ, ಆದ್ರೆ ಇವರ ಸಂಗೀತದಲ್ಲಿ ಕೆಳಗೆ ನಿಮಗೆ ಕ್ವಾಯರಲ್ಲಿ ಗೊತ್ತಿರುವ ಅದೇ ಮೇಜರ್ ಮೈನರ್ ಕಾರ್ಡ್ ಬರ್ತಾ ಇರ್ತದೆ, ಒಂದು ಕಡೆ ನಿಲ್ಲುದಿಲ್ಲ ಅಷ್ಟೆ, ಜಾರ್ತಾ ಹೋಗ್ತದೆ. ಶ್ರುತಿಪೆಟ್ಟಿಗೆಯನ್ನ ಯಾರೋ ಹಿಂದೆ ಕೂತು ಮೆಲ್ಲ ಮೆಲ್ಲ ಬದಲಿಸ್ತಾ ಇದ್ದ ಹಾಗೆ, ಹಾಡುವವ ಮೇಲೆ ತನ್ನ ಪಾಡಿಗೆ ಎಲ್ಲ ಸ್ವರವನ್ನೂ ಮುಟ್ಟಿಕೊಂಡು ಹೋಗ್ತಾನೆ. ಜಾರುವ ಶ್ರುತಿ ಅಂತಲೇ ಅದಕ್ಕೆ ಹೆಸರು ಬಿದ್ದಿದೆ. ಮೀನು ಅಂತ ನೀವು ಹೇಳಿದ್ದು ಸಮಾ ಉಂಟು.

ಮಜಾ ಎಂತ ಅಂದ್ರೆ ಇವರನ್ನ ಬೆನ್ನು ತಟ್ಟಿ ಬೆಳೆಸಿದ ಕಂಡಕ್ಟರ್ ಅರ್ನೆಸ್ಟ್ ಆನ್ಸರ್ಮೆ, ಜಿನೀವಾದಲ್ಲಿ 1918ರಲ್ಲಿ ಸ್ವಿಸ್ ರೊಮಾಂಡ್ ಆರ್ಕೆಸ್ಟ್ರಾ ಕಟ್ಟಿದವರು, ಅವರಿಗೆ ಶೋನ್‌ಬರ್ಗ್ ಪದ್ಧತಿ ಅಂದ್ರೆ ಆಗುದೇ ಇಲ್ಲ, 1961ರಲ್ಲಿ ಅದರ ವಿರುದ್ಧ ದಪ್ಪ ಪುಸ್ತಕ ಬರೆದ್ರು. ಅದೇ ಮನುಷ್ಯ ಮಾರ್ಟಿನ್ ಸಂಗೀತವನ್ನ ಜೀವಮಾನ ನುಡಿಸಿದ್ರು. ಆನ್ಸರ್ಮೆ ಮೊದಲು ಗಣಿತದ ಮೇಷ್ಟ್ರು. ಮಾರ್ಟಿನ್ ಕೂಡ ಅಪ್ಪ ಅಮ್ಮ ಹೇಳಿದ್ದಕ್ಕೆ ಯುನಿವರ್ಸಿಟಿಯಲ್ಲಿ ಎರಡು ವರ್ಷ ಗಣಿತ, ಭೌತಶಾಸ್ತ್ರ ಓದಿ ಬಿಟ್ಟವರು, ಕನ್ಸರ್ವೇಟರಿಗೆ ಹೋದದ್ದೇ ಇಲ್ಲ, ಒಬ್ಬ ಮೇಷ್ಟ್ರ ಹತ್ರ ಪ್ರೈವೇಟಾಗಿ ಕಲಿತದ್ದು. ಇದನ್ನ ನನ್ನ ಅಪ್ಪನಿಗೆ ಹೇಳಿದೆ, ಅವರು ಪೇಪರಿಂದ ತಲೆ ಎತ್ತದೆ "ನೀನು ಡಿಗ್ರಿ ಮುಗಿಸು" ಅಂದ್ರು.


ಬಡಗು ಮಾಣಿ:

ಕನ್ಸರ್ಟೊದಲ್ಲಿ ಹೀರೋ ಯಾಕಿಲ್ಲ ಅಂತ ಕೇಳಿದ್ರಲ್ಲ, ನಾನು ಉಡುಪಿ ಕಡೆಯವ, ರಾತ್ರಿ ಯಕ್ಷಗಾನ ಆಟ ನೋಡಿಯೇ ಬೆಳೆದದ್ದು, ನನಗೆ ಆ ಪ್ರಶ್ನೆ ಬರ್ಲೇ ಇಲ್ಲ. ಏಳು ಗಾಳಿ ವಾದ್ಯದ ಕನ್ಸರ್ಟೊ ಕೇಳಿದ್ದೀರಾ? 1949ರದ್ದು, ಬರ್ನ್ ಊರಿನವರು ಬರೆಸಿದ್ದು. ಫ್ಲೂಟ್, ಓಬೊ, ಕ್ಲಾರಿನೆಟ್, ಬಸೂನ್, ಹಾರ್ನ್, ಟ್ರಂಪೆಟ್, ಟ್ರೊಂಬೋನ್, ಏಳು, ಜೊತೆಗೆ ಟಿಂಪನಿ ಮತ್ತು ಬೇರೆ ಹೊಡೆಯುವ ವಾದ್ಯ, ಸ್ಟ್ರಿಂಗ್ಸ್. ಮೊದಲನೇ ಭಾಗ ಪೂರ್ತಿ ನನಗೆ ಒಡ್ಡೋಲಗದ ಹಾಗೆ ಕಂಡಿತು. ಒಬ್ಬೊಬ್ಬರೇ ಬರುದು, ತಮ್ಮ ನಡೆ ತೋರಿಸುದು, ಸ್ತ್ರೀವೇಷದ ನಡೆ ಬೇರೆ, ಬಣ್ಣದ ವೇಷದ ಅಟ್ಟಹಾಸ ಬೇರೆ, ಪುಂಡುವೇಷದ ಕುಣಿತ ಬೇರೆ, ಹಾಗೆಯೇ ಓಬೊ ಒಂದು ರೀತಿ ಬಂದ್ರೆ ಟ್ರೊಂಬೋನ್ ಇನ್ನೊಂದು ರೀತಿ. ಯಾರೂ ಯಾರ ಹಿಮ್ಮೇಳ ಅಲ್ಲ, ಅವರವರ ಸರದಿ.

ಎರಡನೇ ಭಾಗ ಅದಕ್ಕಿಂತ ಮೇಲೆ. ಅಡಿಯಲ್ಲಿ ಒಂದೇ ಸಮನೆ ಟಕ್ ಟಕ್ ಟಕ್ ಟಕ್, ಗೋಡೆ ಗಡಿಯಾರದ ಹಾಗೆ, ಶುರುವಿಂದ ಕಡೆಯ ತನಕ ಆ ಎರಡು ಪೆಟ್ಟು ಬಿಡುದಿಲ್ಲ. ಮೇಲೆ ಟ್ಯೂನ್ ಒಮ್ಮೆ ಶಾಂತ, ಒಮ್ಮೆ ಇದ್ದಕ್ಕಿದ್ದ ಹಾಗೆ ಕಪ್ಪು ಮೋಡ. ಗಡಿಯಾರ ಅದೇ, ಆದ್ರೆ ಮೊದಲು ಮನೆಯ ಗಡಿಯಾರ ಆಗಿದ್ದದ್ದು ನಡುವಲ್ಲಿ ಆಸ್ಪತ್ರೆ ವರಾಂಡದ ಗಡಿಯಾರ ಆಗ್ತದೆ. ತಾಳ ಬದಲಾಗದೆ ಅರ್ಥ ಬದಲಾಗುದು, ಇದನ್ನ ಬರೆದವನಿಗೆ ಕೈ ಮುಗೀಬೇಕು. ಮೂರನೇದ್ರಲ್ಲಿ ಟಿಂಪನಿಗೆ ಒಂದು ಸೋಲೋ ಕೊಟ್ಟಿದ್ದಾರೆ, ಚೆಂಡೆಯವ ಪದ್ಯ ಮುಗಿದ ಮೇಲೆ ಒಂದು ಬಿಡ್ತಿಗೆ ಹಾರ್ತಾನಲ್ಲ, ಆ ಖುಷಿ.

ಮತ್ತೆ ಇವರಿಗೆ ಲಯದ ಹುಚ್ಚು ಸುಮ್ಮನೆ ಬಂದದ್ದಲ್ಲ. ಜಿನೀವಾದಲ್ಲಿ ಡಾಲ್ಕ್ರೋಜ್ ಅಂತ ಒಬ್ಬರು ಮೈಯಿಂದ ತಾಳ ಕಲಿಸುವ ಶಾಲೆ ಮಾಡಿದ್ರು, ಒಂದು ಲಯ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಮಾರ್ಟಿನ್ ಮೂವತ್ತೈದು ದಾಟಿದ ಮೇಲೆ ಹೋಗಿ ಅದನ್ನ ಕಲಿತು, ಅಲ್ಲೇ ಕಲಿಸ್ಲಿಕ್ಕೂ ನಿಂತ್ರು. 1926ರಲ್ಲಿ "ರಿದ್ಮ್" ಅಂತಲೇ ಆರ್ಕೆಸ್ಟ್ರಾಕ್ಕೆ ಮೂರು ತುಂಡು ಬರೆದಿದ್ದಾರೆ. ನಮ್ಮಲ್ಲಿ ಮಕ್ಕಳಿಗೆ ಹೆಜ್ಜೆ ಹಾಕಿಸಿಯೇ ತಾಳ ಕಲಿಸುದು, ಬಾಯಿಪಾಠ ಆಮೇಲೆ.


ಹಂಚಿನ ಮಾಡು:

ಮಾಣಿ, ನಿಮ್ಮ ಒಡ್ಡೋಲಗ ಚಂದ ಉಂಟು, ಆದ್ರೆ ಎಲ್ಲವನ್ನೂ ತಂದು ಚೌಕಿಯಲ್ಲಿ ಕೂರಿಸ್ಬೇಡಿ ಮಾರಾಯ್ರೆ. ಆಟದಲ್ಲಿ ಭಾಗವತ ಇದ್ದಾನೆ, ಅವನೇ ಯಜಮಾನ. ಇಲ್ಲಿ ಭಾಗವತನ ಜಾಗವೇ ಖಾಲಿ. ಅದೇ ಇವರ ಸ್ಪೆಷಲ್ ಅಂತ ನನ್ನ ಲೆಕ್ಕ.


ಬಡಗು ಮಾಣಿ:

ಭಾಗವತ ಆ ಗಡಿಯಾರ. ಆಯ್ತಾ?


ಹಂಚಿನ ಮಾಡು:

ಆಯ್ತು, ಅದನ್ನ ಒಪ್ಪಿದೆ. 🙂


ಗಿಟಾರ್ ಬೊಂಡ:

ಲೇಟಾಗಿ ಬಂದೆ. ಮಂಗಳೂರಲ್ಲಿ ಮನೆಗೊಂದು ಗಿಟಾರ್ ಇರುವಾಗ ಈ ಕತೆ ಯಾರೂ ಹೇಳದ್ದು ಆಶ್ಚರ್ಯ. 1933ರಲ್ಲಿ ಮಾರ್ಟಿನ್ ಗಿಟಾರಿಗೆ ನಾಲ್ಕು ಸಣ್ಣ ತುಂಡು ಬರೆದು ಸೆಗೋವಿಯಾಗೆ ಕಳಿಸಿದ್ರು, ಸೆಗೋವಿಯಾ ಅಂದ್ರೆ ಆಗ ಗಿಟಾರಿನ ದೊಡ್ಡ ಯಜಮಾನ. ಆ ಮನುಷ್ಯ ನುಡಿಸ್ಲೇ ಇಲ್ಲ, ಉತ್ತರವೂ ಇಲ್ಲ. ಮಾರ್ಟಿನ್ ಪಾಪ, ಗಿಟಾರಲ್ಲಿ ಇದು ಬರುದಿಲ್ಲ ಅಂತ ತಿಳ್ಕೊಂಡು ಪಿಯಾನೋಗೆ ಬದಲಿಸಿದ್ರು, ಆನ್ಸರ್ಮೆಗಾಗಿ 1934ರಲ್ಲಿ ಆರ್ಕೆಸ್ಟ್ರಾಕ್ಕೂ ಮಾಡಿದ್ರು, ಅದರ ಹೆಸರೂ "ಗಿಟಾರ್". ಈಗ ನೋಡಿದ್ರೆ ಕ್ಲಾಸಿಕಲ್ ಗಿಟಾರ್ ಕಲಿಯುವವರಿಗೆಲ್ಲ ಆ ನಾಲ್ಕು ತುಂಡು ಬೇಕೇ ಬೇಕು, ಜೂಲಿಯನ್ ಬ್ರೀಮ್ ನುಡಿಸಿದ ಮೇಲೆ ಎಲ್ಲರ ಕೈಗೂ ಬಂತು. ಮೊದಲು ಗಿಟಾರ್ ರೂಪ ಕೇಳಿ, ಮತ್ತೆ ಆರ್ಕೆಸ್ಟ್ರಾ, ಆರು ತಂತಿಯ ಬೆರಳಾಟ ಅಷ್ಟು ವಾದ್ಯಕ್ಕೆ ಹೇಗೆ ಹಂಚಿ ಹೋಯ್ತು ಅಂತ ಗೊತ್ತಾಗ್ತದೆ. ನಾನು ಮೂರನೇ ತುಂಡು ಎರಡು ವರ್ಷದಿಂದ ಬಾರಿಸ್ತಾ ಇದ್ದೇನೆ, ಪಕ್ಕದ ಮನೆಯವರು ಇನ್ನೂ ಟ್ಯೂನ್ ಮಾಡ್ತಾ ಇದ್ದಾನೆ ಅಂತಲೇ ತಿಳ್ಕೊಂಡಿದ್ದಾರೆ.

ಬ್ಯಾಲೆಡ್ ಅಂತ ಕೂಡ ಒಂದು ಸಾಲು ಉಂಟು, ಒಂದು ವಾದ್ಯ ಮತ್ತು ಆರ್ಕೆಸ್ಟ್ರಾ ಅಥವಾ ಪಿಯಾನೋ. ಸ್ಯಾಕ್ಸೊಫೋನ್ 1938, ಫ್ಲೂಟ್ 1939, ಟ್ರೊಂಬೋನ್ 1940. ಫ್ಲೂಟಿನದ್ದು ಜಿನೀವಾ ಸ್ಪರ್ಧೆಗೆ ಪರೀಕ್ಷೆ ಪೀಸಾಗಿ ಬರೆದದ್ದು. ಪರೀಕ್ಷೆಗೆ ಬರೆದದ್ದು ಹೀಗೆ ಕತೆ ಹೇಳಿದ ಹಾಗೆ ಇರುದು ಎಲ್ಲಿಯಾದ್ರೂ ಉಂಟಾ.


ಮಣಿಪಾಲ ನೈಟ್ ಡ್ಯೂಟಿ:

ಮೂಲ ಪ್ರಶ್ನೆ ಕೇಳಿದವರು ವಯಲಿನ್‌ನವರು, ಅವರಿಗೆ ವಯಲಿನ್ ಬಗ್ಗೆ ಒಬ್ಬರೂ ಹೇಳ್ಲಿಲ್ಲ, ಎಲ್ಲ ಅವರವರ ಸಾಮಾನು ಮಾರಿ ಹೋದ್ರು.

ಎರಡು ಉಂಟು. ಒಂದು 1950-51ರ ವಯಲಿನ್ ಕನ್ಸರ್ಟೊ, 1952ರ ಜನವರಿಯಲ್ಲಿ ಬಾಸೆಲಲ್ಲಿ ಹನ್ಸ್‌ಹೈನ್ಜ್ ಶ್ನೀಬರ್ಗರ್ ನುಡಿಸಿದ್ದು, ಮತ್ತೆ ಅದೇ ಸಾಕರ್. ಇದು ಮೂರು ಭಾಗದ, ಹೆಚ್ಚುಕಮ್ಮಿ ಅರ್ಧ ಗಂಟೆಯ ಸರಿಯಾದ ಕನ್ಸರ್ಟೊ, ಹೀರೋ ಬೇಕಾದ್ರೆ ಇಲ್ಲಿ ಸಿಗ್ತಾನೆ. ಆದ್ರೂ ಬರುವ ರೀತಿ ನೋಡಿ, ಎದೆ ಉಬ್ಬಿಸಿ ಬರುದಿಲ್ಲ. ಅದಕ್ಕಿಂತ ಸ್ವಲ್ಪ ಮೊದಲು ಶೇಕ್ಸ್‌ಪಿಯರ್‌ನ ಟೆಂಪೆಸ್ಟ್ ನಾಟಕದ ಏರಿಯಲ್‌ನ ಹಾಡುಗಳನ್ನ ಕ್ವಾಯರಿಗೆ ಮಾಡಿದ್ರು, ಏರಿಯಲ್ ಅಂದ್ರೆ ಗಾಳಿಯ ಜೀವ, ಕಣ್ಣಿಗೆ ಕಾಣದ್ದು. ಆ ಹಾಡಿನ ಗಾಳಿಯೇ ಈ ಕನ್ಸರ್ಟೊದ ಶುರುವಲ್ಲಿ ಉಂಟು. ಮಲ್ಪೆಯಲ್ಲಿ ಸಂಜೆ ಸಮುದ್ರದ ಕಡೆಯಿಂದ ಗಾಳಿ ತಿರುಗ್ತದಲ್ಲ, ಮೊದಲು ಮೈಗೆ ಗೊತ್ತಾಗುದು, ಆಮೇಲೆ ತೆಂಗಿನ ಗರಿ ಅಲ್ಲಾಡುದು, ಹಾಗೆ. ಶ್ನೈಡರ್‌ಹಾನ್ ವಯಲಿನ್ ನುಡಿಸಿ ಆನ್ಸರ್ಮೆ ಕಂಡಕ್ಟ್ ಮಾಡಿದ ಹಳೇ ರೆಕಾರ್ಡಿಂಗ್ ಹುಡುಕಿ. ಹೊಸದಾಗಿ ಬೇಕಾದ್ರೆ ಮಥಿಯಾಸ್ ಬಾಮರ್ಟ್ ಲಂಡನ್ ಫಿಲ್‌ಹಾರ್ಮೊನಿಕ್ ಜೊತೆ ಮಾಡಿದ ಮಾರ್ಟಿನ್ ಸೀರೀಸ್ ಉಂಟು, ಸೌಂಡ್ ಕ್ಲೀನ್. ಪೆಟಿಟ್ ಸಿಂಫನಿಗೆ ಫ್ರಿಚಾಯ್ ಕಂಡಕ್ಟ್ ಮಾಡಿದ ರೆಕಾರ್ಡಿಂಗ್, ಹಳೇದಾದ್ರೂ ಬೆಂಕಿ.

ಇನ್ನೊಂದು ಪಾಲಿಪ್ಟಿಕ್, 1973. ಇದರ ಬಗ್ಗೆ ಸ್ವಲ್ಪ ಉದ್ದ ಬರೀತೇನೆ, ಡ್ಯೂಟಿಯಲ್ಲಿ ಈಗ ಕೆಲಸ ಇಲ್ಲ. ದೊಡ್ಡ ವಯಲಿನ್‌ವಾದಕ ಯೆಹೂದಿ ಮೆನುಹಿನ್ ಬಂದು ನನಗೊಂದು ಕನ್ಸರ್ಟೊ ಬರೆದುಕೊಡಿ ಅಂತ ಕೇಳಿದ್ರು. ಮಾರ್ಟಿನ್‌ಗೆ ಆಗ ಎಂಬತ್ತೆರಡು. ವಯಲಿನ್ ಮತ್ತು ಸ್ಟ್ರಿಂಗ್ ಆರ್ಕೆಸ್ಟ್ರಾ ಅಂದ್ರೆ ಬಾಖ್ ಎದುರು ನಿಂತ ಹಾಗೆ, ಅದಕ್ಕೆ ಹಿಂಜರಿದ್ರು. ಸಣ್ಣ ಹುಡುಗ ಆಗಿರುವಾಗ ಬಾಖ್‌ನ ಮ್ಯಾಥ್ಯೂ ಪ್ಯಾಶನ್ ಕೇಳಿ ಸಂಗೀತವೇ ಬದುಕು ಅಂತ ಮಾಡಿಕೊಂಡ ಮನುಷ್ಯ, ಬಾಖ್ ಅಂದ್ರೆ ಅವರಿಗೆ ಅಂಥಾ ಭಯಭಕ್ತಿ. ಆಮೇಲೆ ಇಟಲಿಯ ಸಿಯೆನಾದಲ್ಲಿ ನೋಡಿದ, ದೂಚೊ ಎಂಬ ಹಳೇ ಚಿತ್ರಕಾರನ ಚಿತ್ರಗಳು ನೆನಪಿಗೆ ಬಂತು, ಯೇಸುವಿನ ಯಾತನೆಯ ಕತೆಯನ್ನ ಸಣ್ಣ ಸಣ್ಣ ಹಲಗೆಯಲ್ಲಿ ಸಾಲಾಗಿ ಬರೆದದ್ದು, ಏಳುನೂರು ವರ್ಷ ಹಳೇದು. ಹಾಗೆ ಆರು ಚಿತ್ರ, ಒಂದು ವಯಲಿನ್, ಎರಡು ಸಣ್ಣ ಸ್ಟ್ರಿಂಗ್ ಆರ್ಕೆಸ್ಟ್ರಾ. ಗರಿಗಳ ಭಾನುವಾರ, ಮೇಲ್ಮಹಡಿಯ ಕೋಣೆ, ಯೂದ, ಗೆತ್ಸೆಮನೆ, ತೀರ್ಪು, ಮಹಿಮೆ.

ನಾನು ಕ್ರಿಶ್ಚಿಯನ್ ಅಲ್ಲ, ಆದ್ರೆ ಕಾಲೇಜಿಗೆ ಹೋಗುವಾಗ ಮಂಗಳೂರಿನ ಅಲೋಶಿಯಸ್ ಚಾಪೆಲ್‌ಗೆ ಬಿಸಿಲು ತಪ್ಪಿಸ್ಲಿಕ್ಕೆ ಹೋಗಿ ಕೂರ್ತಿದ್ದೆ, ಮೊಶೇನಿ 1899ರಿಂದ ಬರೆದ ಚಿತ್ರ ನೋಡಿಕೊಂಡು. ಮಾಡಿಗೆ ಕತ್ತೆತ್ತಿ ಒಂದರಿಂದ ಇನ್ನೊಂದಕ್ಕೆ ಕಣ್ಣು ಹೋಗ್ತದೆ, ನಡುವೆ ಖಾಲಿ ಬಿಟ್ಟ ಜಾಗದಲ್ಲಿ ಕತೆಯನ್ನ ನಾವೇ ತುಂಬಿಸಿಕೊಳ್ಳುದು. ಪಾಲಿಪ್ಟಿಕ್ ಹಾಗೆ. ಶುರುವಲ್ಲಿ ಜನಜಂಗುಳಿ, ಎರಡೂ ಆರ್ಕೆಸ್ಟ್ರಾ ಗಲಾಟೆ ಮಾಡ್ತದೆ, ವಯಲಿನ್ ಒಂದೇ ನಡುವೆ ಬೇರೆ ಏನೋ ಯೋಚನೆಯಲ್ಲಿ ಇದ್ದ ಹಾಗೆ. ಯೂದನ ಚಿತ್ರದಲ್ಲಿ ಅದೇ ವಯಲಿನ್ ಮಂಡೆ ಕೆಟ್ಟವನ ಹಾಗೆ ಓಡ್ತದೆ. ಗೆತ್ಸೆಮನೆಯಲ್ಲಿ ಸುಮಾರು ಹೊತ್ತು ಒಬ್ಬಂಟಿ. ರಾತ್ರಿ ಪಾಳಿಯಲ್ಲಿ ಕೇಳ್ಬೇಡಿ ಅಂತ ಹೇಳ್ತೇನೆ, ನಾನು ಕೇಳಿ ಅರ್ಧ ಗಂಟೆ ಯಾರ ಹತ್ರವೂ ಮಾತಾಡ್ಲಿಲ್ಲ. ಮರುವರ್ಷ, 1974ರ ನವೆಂಬರಲ್ಲಿ, ಮಾರ್ಟಿನ್ ಹೋದ್ರು, ಹಾಲೆಂಡಿನ ನಾರ್ಡೆನ್‌ನಲ್ಲಿ. 1946ರಿಂದ ಹಾಲೆಂಡಲ್ಲೇ ಇದ್ದದ್ದು, ಹೆಂಡತಿ ಆ ಕಡೆಯವರು.

ಅಂದಹಾಗೆ ಕ್ವಾಯರಿನವರಿಗೆ ಒಂದು ಸಣ್ಣ ಮಾಹಿತಿ: 1922ರಲ್ಲಿ ಶುರು ಮಾಡಿ 1926ರಲ್ಲಿ ಮುಗಿಸಿ, ಎರಡು ಕ್ವಾಯರಿಗೆ ಒಂದು ಮಾಸ್, ಅಂದ್ರೆ ಚರ್ಚಿನ ಪೂಜೆಯ ಸಂಗೀತ, ಬರೆದು ಡ್ರಾಯರಲ್ಲಿ ಇಟ್ರು, ಅದು ತನಗೂ ದೇವರಿಗೂ ನಡುವಿನ ವಿಷಯ ಅಂತ, ಹೊರಗೆ ಹಾಡಿದ್ದು 1963ರಲ್ಲಿ.


ಕಂಕನಾಡಿ ಪಿಟೀಲು:

ಅಯ್ಯೋ ಇಷ್ಟು ಜನ ಬರೀತಾರೆ ಅಂತ ಗೊತ್ತಿರ್ಲಿಲ್ಲ, ದೇವರು ಒಳ್ಳೇದು ಮಾಡ್ಲಿ. ಹೇಳಿದ್ದು ಎಲ್ಲ ಕೇಳ್ತಾ ಇದ್ದೇನೆ, ಏಳು ವಾದ್ಯದ್ದು ಮೂರು ಸಲ ಆಯ್ತು. ಎರಡನೇ ಭಾಗ ಅರ್ಧ ಆಗುವಾಗ ಕರೆಂಟ್ ಹೋಯ್ತು, ವೈಫೈ ಹೋಯ್ತು, ಸಂಗೀತ ನಿಂತಿತು, ಆದ್ರೆ ಟಕ್ ಟಕ್ ನಿಲ್ಲಲಿಲ್ಲ, ಎಂತ ಅಂತ ನೋಡಿದ್ರೆ ಹಂಚಿಂದ ಬಕೆಟಿಗೆ ನೀರು ಬೀಳ್ತಾ ಉಂಟು. ಸಾಕರ್ ಊರಿನ ಹಂಚು, ಮಾಣಿಯ ಭಾಗವತ.

ಪಾಲಿಪ್ಟಿಕ್ ಗರಿಗಳ ಚಿತ್ರ ಕೇಳಿ ಸುಮ್ಮನೆ ಕೂತೆ. ನಾವು ಆ ಭಾನುವಾರ ಗರಿ ಹಿಡ್ಕೊಂಡು ಮೆರವಣಿಗೆ ಹೋಗುವಾಗ ಮುಂದಿನ ಶುಕ್ರವಾರದ ಯೋಚನೆ ಯಾರಿಗೂ ಇರುದಿಲ್ಲ, ವಯಲಿನಿಗೆ ಮಾತ್ರ ಇದ್ದ ಹಾಗೆ ಉಂಟು. ಗೆತ್ಸೆಮನೆಯದ್ದು ಪವಿತ್ರ ಗುರುವಾರ ರಾತ್ರಿ ಆರಾಧನೆಗೆ ಬಾರಿಸ್ಬಹುದಾ ಅಂತ ಆಸೆ. ನೋಟ್ಸ್ ಫ್ರೀಯಾಗಿ ಎಲ್ಲಾದ್ರೂ ಸಿಗ್ತದಾ? ಒಂದು ಮ್ಯೂಸಿಕ್ ಅಂಗಡಿಯಲ್ಲಿ ಕೇಳಿದ್ದಕ್ಕೆ "ಮಾರ್ಟಿನ್ ಗಿಟಾರ್ ಸ್ಟ್ರಿಂಗ್ ಉಂಟು, ಆಗ್ತದಾ" ಅಂತ ಪ್ಯಾಕೆಟ್ ಎದುರು ಇಟ್ರು.


ಸುರತ್ಕಲ್ ಸೆಮಿಸ್ಟರ್:

ಫ್ರೀ ಸಿಗುದಿಲ್ಲ. ನಮ್ಮ ದೇಶದಲ್ಲಿ ಕಾಪಿರೈಟ್ ತೀರಿಹೋಗಿ ಅರವತ್ತು ವರ್ಷ ಅಂತ ಲೆಕ್ಕ, 1974ಕ್ಕೆ ಅರವತ್ತು ಕೂಡಿಸಿದ್ರೆ 2034, ಆ ವರ್ಷ ಮುಗೀಬೇಕು. ಈಗ ಬೇಕಾದ್ರೆ ವಿಯೆನ್ನಾದ ಯುನಿವರ್ಸಲ್ ಎಡಿಷನ್‌ನವರಿಂದ ದುಡ್ಡು ಕೊಟ್ಟು ತರಿಸ್ಬೇಕು.


ಕಂಕನಾಡಿ ಪಿಟೀಲು:

2035ಕ್ಕೆ ನನಗೆ ಅರವತ್ತೊಂದು ಆಗ್ತದೆ, ಅಷ್ಟರಲ್ಲಿ ಬೆರಳು ಎಲ್ಲಿ ಉಂಟೋ. ದುಡ್ಡು ಕೊಟ್ಟೇ ತರಿಸ್ತೇನೆ. ಗಿಟಾರ್ ಬೊಂಡದವರೇ, ಆ ಸ್ಟ್ರಿಂಗ್ ಪ್ಯಾಕೆಟ್ ಮುಲಾಜಿಗೆ ತಗೊಂಡು ಬಂದಿದ್ದೇನೆ, ನಿಮಗೆ ಬೇಕಾ?